ಕೊನೆಯ ರೀಲಿನ ಡಬ್ಬಿ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ದಿನ ಬುಧವಾರ. ಅಡಿಲೇಡಿನ ಆ ಬೀದಿಗೆ ಬುಧವಾರ ಕಸದ ಲಾರಿ ಬರುತ್ತದೆ. ಹಳದಿ ಮುಚ್ಚಳದ ತೊಟ್ಟಿಯನ್ನು ರಸ್ತೆಯಂಚಿಗೆ ಎಳೆದಿಡುವುದು ಸುಮಂತನ ಕೆಲಸವಾಗಿತ್ತು. ತಿರುವಿನಲ್ಲಿ ಲಾರಿಯ ಸದ್ದು ಕೇಳಿದಾಗ ಗೌತಮಿ ಎದ್ದಳು. ಬಾಗಿಲ ಬಳಿ ಕಾಲಿಗೆ ಸಿಕ್ಕಿದ್ದು ಅವನ ಚಪ್ಪಲಿ. ಅದನ್ನೇ ಮೆಟ್ಟಿಕೊಂಡು, ಊಟದ ಕಾಗದದ ತಟ್ಟೆಗಳಿಂದ ತುಂಬಿಹೋಗಿದ್ದ ತೊಟ್ಟಿಯನ್ನು ಎಳೆದು ನಿಲ್ಲಿಸಿ ಬಂದಳು. ಲಾರಿಯವನು ಎಂದಿನಂತೆ ಕೈ ಎತ್ತಿದ. ಅವಳೂ ಎತ್ತಿದಳು. ಅಷ್ಟಕ್ಕೆ ಲೋಕ ಮತ್ತೆ ಶುರುವಾದಂತಾಯಿತು.

ಎರಡು ವಾರದ ಹಿಂದೆ ಗಂಡ ಸುಮಂತ ಕೆಲಸದಿಂದ ಬಂದು ತಲೆನೋವೆಂದು ಮಲಗಿದವನು ಸರಿಯಾಗಿ ಏಳಲೇ ಇಲ್ಲ. ಬೆಡ್‌ಫರ್ಡ್ ಪಾರ್ಕಿನ ದೊಡ್ಡಾಸ್ಪತ್ರೆಯಲ್ಲಿ, ಮೆದುಳಿನೊಳಗೆ ರಕ್ತನಾಳ ಒಡೆದಿದೆ ಎಂದರು. ಆ ಆಸ್ಪತ್ರೆಯ ಪಕ್ಕದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೇ ಗೌತಮಿಗೆ ಕೆಲಸ. ಇಂಥದೇ ಮೆದುಳುಗಳ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಕೂರಿಸುವುದು ಅವಳಿಗೆ ಅನ್ನ ಕೊಡುತ್ತಿದ್ದ ವಿದ್ಯೆ. ಅವನನ್ನು ದಹನಕ್ಕೆ ಕಳಿಸಿದ ದಿನದಿಂದ ಆ ಕೈಗಳಿಗೆ ಜೋಮು ಹಿಡಿದಂತಿತ್ತು. ಲೋಟ ಹಿಡಿದರೆ ಹಿಡಿದದ್ದು ತಿಳಿಯುತ್ತಿರಲಿಲ್ಲ. ಅತ್ತಳೇ ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡರು. ಅತ್ತಿರಲಿಲ್ಲ.

ಸಾವಿನ ಮನೆಯಿಂದ ಹೊರಡುವವರು ‘ಬರ್ತೀವಿ’ ಎನ್ನುವ ಹಾಗಿಲ್ಲ. ನಿನ್ನೆ ಒಬ್ಬೊಬ್ಬರೂ ಬೂಟು ಹಾಕಿಕೊಂಡು, ತಲೆ ತಗ್ಗಿಸಿ, ಮಾತಿಲ್ಲದೆ ಹೋಗಿದ್ದರು. ಬ್ರಿಸ್ಬೇನಿನಿಂದ ಬಂದಿದ್ದ ಸುಮಂತನ ಅಕ್ಕ ಶ್ರೀಲಕ್ಷ್ಮಿ ಕೂಡ ಕಾರಿನ ಬಾಗಿಲು ಹಿಡಿದು ನಿಂತು, ಏನೋ ಹೇಳಹೊರಟು, ತುಟಿ ಕಚ್ಚಿಕೊಂಡು ಒಳಗೆ ಕೂತಿದ್ದಳು.

ಗೌತಮಿ ರೇಡಿಯೊ ಹಾಕಿದಳು. ಸುದ್ದಿಯ ಕೊನೆಯಲ್ಲಿ, ಹವಾಮಾನಕ್ಕೆ ಮೊದಲು, ಹಾಲಿವುಡ್ಡಿನ ಹಳೆಯ ತಾರೆ ನೋರಾ ಫೆನ್‌ವಿಕ್ ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು ಎಂದರು.

‘ಸುಮಂತ, ನಿನ್ನ ನೋರಾ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಮುಖ ಹಿಂದಿನ ಕೋಣೆಯ ಕಡೆಗೆ ತಿರುಗಿಯೂ ಆಗಿತ್ತು. ಈ ಸುದ್ದಿ ಬೇಕಾಗಿದ್ದವನು ಆ ಮನೆಯಲ್ಲಿ ಒಬ್ಬನೇ.

ಫೋನು ಸದ್ದು ಮಾಡಿತು. ಪರ್ತಿನ ಹತ್ತಿರದ ಫ್ರೀಮ್ಯಾಂಟಲಿನಿಂದ ಹಾಲಪ್ಪ ಅಂಕಲ್. ಅಲ್ಲಿನ್ನೂ ಬೆಳಕು ಹರಿದಿರಲಿಕ್ಕಿಲ್ಲ.

“ಗೌತಮೀ, ಎದ್ದಿದ್ದೀಯೇನಮ್ಮಾ?”

“ಎದ್ದಿದ್ದೀನಿ ಅಂಕಲ್.”

“ಸುದ್ದಿ ಕೇಳಿದ್ಯಾ?”

“ಈಗ ರೇಡಿಯೊದಲ್ಲಿ ಬಂತು.”

“ಯಾರಿಗೆ ಹೇಳ್ಬೇಕು ಅಂತ ತಿಳೀಲಿಲ್ಲ ನೋಡು. ಬೆರಳು ತಾನಾಗೇ ಅವನ ನಂಬರ್ ಒತ್ತಿಬಿಡ್ತು. ರಿಂಗೂ ಆಯ್ತು. ಆಮೇಲೆ ನೆನಪಾಗಿ ನಿನಗೆ ಮಾಡ್ದೆ.”

“ನನಗೂ ಹಾಗೇ ಆಯ್ತು ಅಂಕಲ್.”

ಉಣ್ಣು, ಮಲಗು, ಧೈರ್ಯ ತಂದುಕೋ ಎಂದವರೇ ಇಷ್ಟು ದಿನ. ಅವಳಿಗೆ ಆದದ್ದೇ ತಮಗೂ ಆಯಿತು ಎಂದವರು ಇವರೊಬ್ಬರು. ಗೌತಮಿ ಕುರ್ಚಿ ಎಳೆದುಕೊಂಡು ಕೂತಳು.

ಹಾಲಪ್ಪ ಹರಿಹರದವರು. ಹಡಗಿನ ಎಂಜಿನಿಯರಾಗಿ ಫ್ರೀಮ್ಯಾಂಟಲಿನ ಬಂದರಿಗೆ ಬಂದು ಅಲ್ಲೇ ನೆಲೆಯೂರಿದವರು. ಸುಮಂತ ಪರ್ತಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅಂಗಳದ ಶೆಡ್ಡಿನಲ್ಲಿ ಹಾಲಪ್ಪನವರದೊಂದು ಹಳೆಯ ಪ್ರೊಜೆಕ್ಟರು, ಬಿಳಿ ಪರದೆ, ತರಾವರಿ ಕುರ್ಚಿಗಳು. ತಿಂಗಳಿಗೊಂದು ಭಾನುವಾರ ಬಂದರಿನ ಹಳೆಯ ಗೆಳೆಯರು, ಅಕ್ಕಪಕ್ಕದವರು ಸೇರಿ ಅಲ್ಲಿ ಹಳೆಯ ಚಿತ್ರ ನೋಡುತ್ತಿದ್ದರು. ಹೆಚ್ಚಿನವು ನೋರಾಳವು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ದಂಡಿನ ಕಡೆಯ ಟಾಕೀಸಿನಲ್ಲಿ ಅವಳನ್ನು ನೋಡಿ ನೋಡಿಯೇ ತನಗೆ ಇಂಗ್ಲಿಷ್ ಬಂದದ್ದು ಎಂದು ಅವರು ಹೇಳುತ್ತಿದ್ದರು. ಉಳಿದವರೆಲ್ಲ ರೈಲು ಓಡಿಸಿದಂತೆ ಮಾತಾಡುತ್ತಿದ್ದರಂತೆ. ನೋರಾ ಮಾತ್ರ ಒಂದೊಂದು ಮಾತನ್ನೂ ನಿಲ್ಲಿಸಿ, ಎದುರಿಗಿರುವವನಿಗೆ ತಿಳಿಯಿತೇ ಎಂದು ನೋಡಿ, ಮುಂದಿನದನ್ನು ಆಡುತ್ತಿದ್ದಳಂತೆ.

ಫೋನು ಕೈ ಬದಲಾಯಿತು. ಈಗ ಅವರ ಹೆಂಡತಿ ಚೆನ್ನಮ್ಮ.

“ಏನವ್ವಾ, ನಮ್ಮ ಸವತಿ ಹೋದ್ಲು ನೋಡು. ಇಷ್ಟು ವರ್ಷ ಈ ಮನ್ಯಾಗ ಬಾಡಿಗಿ ಕೊಡದಂಗ ಇದ್ಲು. ಇವ್ರು ಎದ್ದಾಗಿಂದ ಕಾಫಿ ಮುಟ್ಟಿಲ್ಲ. ಸವತಿ ಸತ್ರೆ ತಲಿಗೆ ನೀರು ಹಾಕ್ಕೋಬೇಕಾ ಬ್ಯಾಡ್ವಾ ಅಂತ ಕೇಳಕತ್ತೀನಿ, ಉತ್ರ ಇಲ್ಲ.”

ಗೌತಮಿಯ ತುಟಿಯ ಕೊನೆ ಅಲುಗಿತು.

“ಈ ಭಾನುವಾರ ಆಕಿ ಹೆಸರಲ್ಲಿ ಶೆಡ್ಡಾಗ ಸಿನಿಮಾ ಹಾಕ್ತಾರಂತೆ. ಎಲ್ಲಾರಿಗೂ ಹೇಳಿಬಿಟ್ಟಾರ. ಕಡೀ ರೀಲು ನಿಮ್ಮನ್ಯಾಗ ಐತಂತಲ್ಲ ತಂಗೀ. ಕೇಳ್ರಿ ಅಂದ್ರ, ಇಂಥಾ ಹೊತ್ತಿನಾಗ ಆ ಹುಡುಗೀನ ಹೆಂಗ ಕೇಳ್ಲಿ ಅಂತಾರ. ಅದಕ್ಕ ನಾನು ಕೇಳಿದೆ. ಬೈಕೋಬೇಕಂದ್ರ ನನ್ನ ಬೈಕೋ.”

“ಏ, ಇಡೇ ಫೋನು,” ಹಿಂದಿನಿಂದ ಹಾಲಪ್ಪನವರ ದನಿ.

“ಇದೆ ಆಂಟಿ. ಅವನ ಮೇಜಿನ ಮೇಲೇ ಇದೆ. ಭಾನುವಾರದೊಳಗೆ ತಲುಪಿಸ್ತೀನಿ,” ಎಂದಳು ಗೌತಮಿ.

ಆ ರೀಲಿನ ಕತೆ ಅವಳಿಗೆ ಗೊತ್ತಿತ್ತು. ಕಳೆದ ಬೇಸಿಗೆಯಲ್ಲಿ ಇಬ್ಬರೂ ಫ್ರೀಮ್ಯಾಂಟಲಿಗೆ ಹೋದಾಗ ಶೆಡ್ಡಿನಲ್ಲಿ ಅದೇ ಚಿತ್ರ ಹಾಕಿದ್ದರು. ಸಣ್ಣ ಊರಿನ ಟೆಲಿಫೋನು ಕಚೇರಿಯಲ್ಲಿ ಕೂತು ಊರವರ ಕರೆಗಳನ್ನು ಜೋಡಿಸಿಕೊಡುವ ಹುಡುಗಿಯಾಗಿ ನೋರಾ. ಮದುವೆ, ಜಗಳ, ಸಾವು, ಸಾಲ, ಎಲ್ಲವೂ ಅವಳ ಕೈಯ ತಂತಿಯಲ್ಲೇ ಹಾಯಬೇಕು. ಅವಳಿಗೆ ಮಾತ್ರ ಯಾರೂ ಕರೆ ಮಾಡುವವರಿಲ್ಲ. ಕಡೆಗೊಂದು ದಿನ, ಅವಳು ಟೋಪಿ ಇಟ್ಟುಕೊಂಡು ಮನೆಗೆ ಹೊರಟಾಗ, ಕರೆ ಬಂದರೆ ದೀಪ ಹೊತ್ತುವ ಹಲಗೆಯ ಮೇಲೆ ಎಂದೂ ಹೊತ್ತದ ದೀಪವೊಂದು ಹೊತ್ತುತ್ತದೆ. ಅವಳ ಕೈ ಅತ್ತ ಚಾಚುತ್ತದೆ. ಅಷ್ಟರಲ್ಲಿ ಪಟ್ಟೆಂದು ಫಿಲಂ ಹರಿದು ಪರದೆ ಬೆಳ್ಳಗಾಗಿತ್ತು. ಬೇರೆಲ್ಲೂ ಸಿಗದ ಚಿತ್ರ. ಹಾಲಪ್ಪನವರ ಕೈ ಆಗಲೇ ನಡುಗತೊಡಗಿದ್ದರಿಂದ, ರಿಪೇರಿ ಮಾಡಿಕೊಡುತ್ತೇನೆಂದು ಸುಮಂತ ಆ ರೀಲನ್ನೂ ಅಂಟಿಸುವ ಪುಟ್ಟ ಯಂತ್ರವನ್ನೂ ಎರವಲು ತಂದಿದ್ದ. ಜೊತೆಗೊಂದು ಖಾಲಿ ಡಬ್ಬಿ, ಚೂರುಪಾರು ಹಾಕಿಡಲು.

“ಯಾರ ಫೋನು ಅದು? ಕೊನೇಲಿ ಏನಾಗುತ್ತೆ?” ಎಂದು ಅವಳು ವಿಮಾನದಲ್ಲೇ ಕೇಳಿದ್ದಳು.

“ಹೇಳಲ್ಲ. ರಿಪೇರಿ ಆದ್ಮೇಲೆ ನೋಡು,” ಎಂದಿದ್ದ.

ಹಿಂದಿನ ಕೋಣೆಗೆ ಅವಳು ಎರಡು ವಾರದಿಂದ ಕಾಲಿಟ್ಟಿರಲಿಲ್ಲ. ಈಗ ಹೋದಳು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಅಂಟಿಸುವ ಯಂತ್ರ, ಟೇಪಿನ ಸುರುಳಿ, ದೀಪ. ಪಕ್ಕದಲ್ಲಿ ದುಂಡನೆಯ ಅಲ್ಯುಮಿನಿಯಂ ಡಬ್ಬಿ. ಮುಚ್ಚಳ ಬಿಗಿಯಾಗಿತ್ತು. ಉಗುರು ಹಾಕಿ ಎತ್ತಿದಳು.

ಒಳಗೆ ರವೆ ಉಂಡೆ.

ಸಾಲಾಗಿ, ಒತ್ತೊತ್ತಾಗಿ, ಒಂದೊಂದರ ನೆತ್ತಿಗೂ ದ್ರಾಕ್ಷಿ ಚುಚ್ಚಿದ ರವೆ ಉಂಡೆ.

ಅವಳ ಬಾಯಿಂದ ಎಂಥದೋ ಸದ್ದು ಹೊರಟಿತು. ಅದು ನಗು ಎಂದು ತಿಳಿಯಲು ಅವಳಿಗೇ ಸ್ವಲ್ಪ ಹೊತ್ತು ಹಿಡಿಯಿತು.

ಸಮಾರಾಧನೆಯ ದಿನ ಅಡುಗೆಯ ಉಸ್ತುವಾರಿ ಕನ್ನಡ ಸಂಘದ ರುಕ್ಮಿಣಿ ಆಂಟಿಯದು. ಖಾಲಿ ಡಬ್ಬಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ತುಂಬಿಸದೆ ಬಿಡುವ ಪೈಕಿಯಲ್ಲ ಅವರು. “ಈ ಡಬ್ಬಿ ಯಾವುದಕ್ಕಮ್ಮಾ? ಒಳ್ಳೇ ಗಟ್ಟಿ ಡಬ್ಬಿ. ತೊಳ್ಕೊಂಡಿದ್ದೀನಿ,” ಎಂದು ಕೇಳಿದ್ದು ಗೌತಮಿಗೆ ಈಗ ನೆನಪಾಯಿತು. ತಾನು ತಲೆಯಾಡಿಸಿದ್ದೂ ನೆನಪಾಯಿತು. ಉಂಡೆ ತುಂಬಿದ ಡಬ್ಬಿಯನ್ನು ಈ ಮೇಜಿನ ಮೇಲೆ ತಂದಿಟ್ಟಿರಬೇಕು, ರೀಲಿನ ಡಬ್ಬಿಯ ಪಕ್ಕದಲ್ಲೇ. ಹೊರಡುವಾಗ ಶ್ರೀಲಕ್ಷ್ಮಿಯ ಗಂಡ ದೇವರಾಜ ಒಂದನ್ನು ಎತ್ತಿಕೊಂಡು ಹೋದದ್ದನ್ನು ಅವಳೇ ನೋಡಿದ್ದಳು.

ಬ್ರಿಸ್ಬೇನಿಗೆ ಫೋನು ಹಚ್ಚಿದಳು.

“ಅತ್ತಿಗೆ, ಇಲ್ಲಿಂದ ಒಂದು ಡಬ್ಬಿ ಬಂತಲ್ಲ. ತೆಗೆದ್ರಾ?”

ಶ್ರೀಲಕ್ಷ್ಮಿ ತಡವರಿಸಿದಳು. “ಇಲ್ಲ ಕಣೇ. ಆ ಊಟದ್ದನ್ನ ಮನೆಗೆ ತರಬಾರದು ಅಂತ ಇವರಿಗೆ ಹೇಳೋರು ಯಾರು, ಎತ್ಕೊಂಡು ಬಂದ್ಬಿಟ್ಟಿದಾರೆ. ಒಳಗೆ ತರೋಕೆ ಮನಸ್ಸಿಲ್ಲ, ಬಿಸಾಕೋಕೂ ಮನಸ್ಸಿಲ್ಲ. ಗರಾಜಲ್ಲಿ ಇಟ್ಟಿದೀನಿ. ಬೇಜಾರ್ ಮಾಡ್ಕೋಬೇಡ.”

“ಅದು ತಿಂಡಿ ಅಲ್ಲ ಅತ್ತಿಗೆ. ತಿಂಡಿ ಇಲ್ಲೇ ಇದೆ. ಅದು ಸುಮಂತ ರಿಪೇರಿ ಮಾಡ್ತಿದ್ದ ಫಿಲಂ.”

“ತೆಗೀಲಾ?” ಎಂದಳು ಶ್ರೀಲಕ್ಷ್ಮಿ ಸಣ್ಣ ದನಿಯಲ್ಲಿ.

“ಬೇಡ,” ಎಂದಳು ಗೌತಮಿ. “ನಾನೇ ಬರ್ತೀನಿ.” ಯೋಚಿಸುವ ಮೊದಲೇ ಮಾತು ಬಿದ್ದುಹೋಗಿತ್ತು.

“ಕೊರಿಯರ್ ಹಾಕಿದ್ರಾಯ್ತಪ್ಪ,” ಎಂದು ದೇವರಾಜ ಹಿಂದಿನಿಂದ ಹೇಳಿದ್ದು ಕೇಳಿಸಿತು. “ನೀವು ಸುಮ್ನಿರಿ, ಅವಳು ಬರ್ತಾಳಂತೆ,” ಎಂದಳು ಶ್ರೀಲಕ್ಷ್ಮಿ.

ಕೊರಿಯರ್ ಭಾನುವಾರದೊಳಗೆ ದೇಶದ ಆ ತುದಿಯಿಂದ ಈ ತುದಿಗೆ ಮುಟ್ಟುವ ಖಾತರಿ ಇರಲಿಲ್ಲ ಎನ್ನುವುದು ನಿಜ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. ಸುಮಂತ ಆ ಕೆಲಸ ಮುಗಿಸಿದ್ದನೇ? ಅರ್ಧಕ್ಕೇ ಬಿಟ್ಟಿದ್ದರೆ ನೋರಾಳ ಕೈ ಮತ್ತೆ ಆ ದೀಪದ ಹತ್ತಿರವೇ ನಿಂತುಬಿಡುತ್ತದೆ. ಹಾಲಪ್ಪ ಅಷ್ಟು ಜನರ ಮುಂದೆ ಬಿಳಿ ಪರದೆ ನೋಡಿಕೊಂಡು ನಿಲ್ಲಬೇಕಾಗುತ್ತದೆ. ಅಂಟಿಸುವ ಯಂತ್ರವೂ ಅವರದೇ. ಅದನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಅದರ ಮೇಲೆ ಉಂಡೆಯ ಡಬ್ಬಿ.

ಶನಿವಾರ ಬ್ರಿಸ್ಬೇನಿನ ವಿಮಾನ ನಿಲ್ದಾಣಕ್ಕೆ ದೇವರಾಜ ಕಾರು ತಂದಿದ್ದ. ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಂಡ. ಪೆಟ್ರೋಲ್ ಹಾಕಿಸಲು ಬಂಕಿನಲ್ಲಿ ನಿಲ್ಲಿಸಿದಾಗ ಕಡೆಗೂ ಬಾಯಿಬಿಟ್ಟ.

“ಸಾರಿ ಗೌತಮಿ. ಎರಡೂ ಒಂದೇ ಥರ ಕಾಣಿಸ್ತು. ಕೈಯಲ್ಲಿ ಎತ್ತಿ ನೋಡ್ದೆ. ಇದ್ರಲ್ಲಿ ಉಂಡೆ ಜಾಸ್ತಿ ಇದೆ ಅಂತ ಭಾರ ಇದ್ದಿದ್ದನ್ನೇ ತಗೊಂಡೆ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಭುಜ ಕುಲುಕುತ್ತಿತ್ತು. ಅವನು ಗಾಬರಿಯಿಂದ ಟಿಶ್ಯೂ ಡಬ್ಬಿ ಮುಂದೆ ಹಿಡಿದ. ಅವಳು ನಗುತ್ತಿದ್ದಳು.

ರನ್‌ಕಾರ್ನ್ ಬಡಾವಣೆಯ ಅವರ ಮನೆಯ ಗರಾಜಿನಲ್ಲಿ, ವಾಷಿಂಗ್ ಮೆಷಿನ್ನಿನ ಮೇಲೆ, ಮಡಿಸಿದ ಹಳೆಯ ಸೀರೆಯೊಂದರ ಮೇಲೆ ಆ ಡಬ್ಬಿ ಕೂತಿತ್ತು. ಫೋನು ಬಂದ ಮೇಲೆ ಶ್ರೀಲಕ್ಷ್ಮಿ ಮೂರು ದಿನದಿಂದ ಕೈಯಲ್ಲೇ ಬಟ್ಟೆ ಒಗೆಯುತ್ತಿದ್ದಾಳೆ ಎಂದು ಹೈಸ್ಕೂಲಿಗೆ ಹೋಗುವ ಮಗಳು ಪ್ರಣತಿ ದೂರು ಹೇಳಿದಳು. “ಡ್ಯಾಡ್ ಥಾಟ್ ಅ ಮೂವಿ ವಾಸ್ ಲಡ್ಡು,” ಎಂದೂ ಸೇರಿಸಿದಳು.

“ರವೆ ಉಂಡೆ ಕಣೇ. ಲಡ್ಡು ಬೇರೆ,” ಎಂದ ದೇವರಾಜ.

“ಸೇಮ್ ಥಿಂಗ್.”

ಗೌತಮಿ ಮುಚ್ಚಳ ತೆಗೆದಳು. ಕಪ್ಪು ಸುರುಳಿ ಬಿಗಿಯಾಗಿ ಸುತ್ತಿಕೊಂಡಿತ್ತು. ಹೊರಗಿನ ತುದಿಗೆ ಹೊಸದಾಗಿ ಸೇರಿಸಿದ ಬಿಳಿ ಪಟ್ಟಿ. ಅದರ ಮೇಲೆ ಶಾಯಿಯಲ್ಲಿ ‘ತಲೆ’ ಎಂದು ಬರೆದಿತ್ತು, ಯಾವ ತುದಿ ಮೊದಲು ಓಡಬೇಕು ಎಂದು ತಿಳಿಯಲು.

ಶ್ರೀಲಕ್ಷ್ಮಿ ಆ ಅಕ್ಷರದ ಮೇಲೆ ಬೆರಳಿಡದೆ, ಗಾಳಿಯಲ್ಲೇ ಅದನ್ನು ತಿದ್ದಿದಳು. “ಅವನದೇ. ತಲೆಕಟ್ಟು ಹೀಗೇ ಎಳೀತಿದ್ದ. ಮೇಷ್ಟ್ರ ಹತ್ರ ಬೈಸ್ಕೊಂಡಿದ್ದೂ ಬೈಸ್ಕೊಂಡಿದ್ದೇ.” ಸುರುಳಿಯತ್ತ ಬಗ್ಗಿ ಕೇಳಿದಳು. “ರಿಪೇರಿ ಮುಗಿದಿದೆಯಾ?”

“ಗೊತ್ತಿಲ್ಲ ಅತ್ತಿಗೆ. ಬಿಚ್ಚಿ ನೋಡೋಕೆ ಹಾಲಪ್ಪ ಅಂಕಲ್ ಮೇಜೇ ಬೇಕು. ಇಲ್ಲಿ ಬಿಚ್ಚಿದ್ರೆ ಧೂಳಾಗುತ್ತೆ.”

“ಬಿಚ್ಚೋದ್ರಲ್ಲಿ ಅವನು ಹುಷಾರು. ನಮ್ಮಪ್ಪನ ರೇಡಿಯೊ ಎಷ್ಟು ಸಲ ಬಿಚ್ಚಿದಾನೆ. ಜೋಡಿಸ್ತಿದ್ದ, ಹಾಡೂ ಬರ್ತಿತ್ತು. ಆದ್ರೆ ಕೊನೇ ಸ್ಕ್ರೂ ಒಂದು ಯಾವಾಗ್ಲೂ ಕಿಟಕಿ ಮೇಲೇ ಉಳೀತಿತ್ತು. ಅದನ್ನ ಹಾಕೋಳು ನಾನು.”

ಗೌತಮಿ ತನ್ನ ಪೆಟ್ಟಿಗೆಯಿಂದ ಉಂಡೆಯ ಡಬ್ಬಿ ತೆಗೆದು ಮೆಷಿನ್ನಿನ ಮೇಲಿಟ್ಟಳು. “ಇದು ನಿಮ್ಮದು. ನಿಮ್ಮ ಪಾಲು.”

“ಬೇಡ ಕಣೇ. ಆ ಊಟದ್ದು ಅದು.”

ಗೌತಮಿ ಒಂದು ಉಂಡೆ ಎತ್ತಿ ಕಚ್ಚಿದಳು. ಹಲ್ಲು ಇಳಿಯಲಿಲ್ಲ. “ಕಲ್ಲಾಗಿದೆ ಅತ್ತಿಗೆ.”

ಶ್ರೀಲಕ್ಷ್ಮಿ ಅವಳ ಮುಖ ನೋಡಿದಳು. ಉಂಡೆಯನ್ನು ನೋಡಿದಳು. ತಾನೂ ಒಂದು ತೆಗೆದುಕೊಂಡಳು. ಪ್ರಣತಿ ಎರಡು ತೆಗೆದುಕೊಂಡಳು. ಗರಾಜಿನ ಬಾಗಿಲು ಅರ್ಧ ಎತ್ತಿದ್ದು, ಕಾಲಿನ ಬಳಿ ಬಿಸಿಲು ಬೀಳುತ್ತಿತ್ತು. ನಿಂತಲ್ಲೇ ನಾಲ್ವರೂ ಕಟಕಟ ಅಗಿದರು. ತುಪ್ಪದ ವಾಸನೆ ಇನ್ನೂ ಹೋಗಿರಲಿಲ್ಲ. ಏಲಕ್ಕಿಯ ಸಿಪ್ಪೆಯೊಂದು ಹಲ್ಲಿಗೆ ಸಿಕ್ಕಿದ್ದು ಗೌತಮಿಗೆ ತಿಳಿಯಿತು. ಇಷ್ಟು ದಿನದಲ್ಲಿ ಬಾಯಿಗೆ ತಿಳಿದ ಮೊದಲ ರುಚಿ ಅದು.

“ಮಾಮ ವುಡ್ ಹ್ಯಾವ್ ಲಾಫ್ಡ್ ಸೋ ಮಚ್,” ಎಂದಳು ಪ್ರಣತಿ, ಬಾಯಿತುಂಬ ಉಂಡೆ ಇಟ್ಟುಕೊಂಡು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಭಾನುವಾರ ನಸುಕಿನಲ್ಲಿ ಹೊರಟಾಗ ಶ್ರೀಲಕ್ಷ್ಮಿ ಕಾಗದದ ಪೊಟ್ಟಣವೊಂದನ್ನು ತಂದು ಅವಳ ಕೈಗಿಟ್ಟಳು. ಸಕ್ಕರೆ.

“ಎರವಲು ತಂದ ಡಬ್ಬೀನ ಬರಿದು ಕೊಡಬಾರದು.”

“ಬರಿದಲ್ಲ ಅತ್ತಿಗೆ. ಒಳಗೆ ರೀಲಿದೆ.”

“ರೀಲು ಅವರದೇ ಅಲ್ವಾ. ನಮ್ಮದು ಅಂತ ಏನಾದ್ರೂ ಇರ್ಬೇಕು.”

ಗೌತಮಿ ಪೊಟ್ಟಣವನ್ನು ಫಿಲಮಿನಿಂದ ದೂರ, ಕೋಟಿನ ಜೇಬಿನಲ್ಲಿಟ್ಟುಕೊಂಡಳು. ಕಾರಿನ ಬಾಗಿಲು ತೆರೆದು ನಿಂತು, “ಬರ್ತೀನಿ ಅತ್ತಿಗೆ,” ಎಂದಳು.

ಶ್ರೀಲಕ್ಷ್ಮಿಯ ಕಣ್ಣು ತುಂಬಿತು. “ಬಾ,” ಎಂದಳು. “ದಸರಾ ರಜಕ್ಕೆ ಬಾ. ಹಬ್ಬ ಇಲ್ಲದಿದ್ರೂ ಬಾ.”

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಡಬ್ಬಿಯನ್ನು ತೆಗೆಸಿದರು. ಕೈಗವಸು ಹಾಕಿದ್ದ ನಡುವಯಸ್ಸಿನ ಹೆಂಗಸು ಸುರುಳಿಯನ್ನು ನೋಡಿ, ಇದರಲ್ಲಿ ಯಾರಿದ್ದಾರೆ ಎಂದು ಕೇಳಿದಳು. ನೋರಾ ಫೆನ್‌ವಿಕ್ ಎಂದಳು ಗೌತಮಿ. ಆ ಹೆಂಗಸು, ತನ್ನ ಅಜ್ಜಿ ಅವಳ ಹಾಗೆ ಕೂದಲು ಕಟ್ಟಿಕೊಳ್ಳುತ್ತಿದ್ದಳು ಎಂದಳು. ಮುಚ್ಚಳವನ್ನು ಸುತ್ತಲೂ ಒತ್ತಿ, ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದಳು. ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹಾರುವಷ್ಟು ಹೊತ್ತೂ ಗೌತಮಿ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗೆ ಕೆಂಪು ನೆಲ ಮುಗಿಯುವಂತೆಯೇ ಕಾಣಲಿಲ್ಲ.

ಪರ್ತಿನಿಂದ ರೈಲು ಹಿಡಿದು ಫ್ರೀಮ್ಯಾಂಟಲಿನಲ್ಲಿ ಇಳಿದಾಗ ಮಧ್ಯಾಹ್ನವಾಗುತ್ತಿತ್ತು. ಬಂದರಿನ ಕ್ರೇನುಗಳು ಕಂಟೇನರುಗಳನ್ನು ಎತ್ತಿ ಇಳಿಸುತ್ತಿದ್ದವು. ಹಾಲಪ್ಪ ಟೋಪಿ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು. ಅವಳ ತಲೆಯ ಮೇಲೆ ಕೈಯಿಟ್ಟರು. ಕೈಯ ನಡುಕ ಕೂದಲಿಗೆ ತಿಳಿಯಿತು.

“ಊಟ ಮಾಡು ಮೊದ್ಲು,” ಎಂದಳು ಚೆನ್ನಮ್ಮ ಮನೆಯ ಬಾಗಿಲಲ್ಲೇ.

“ಮೊದಲು ಇದನ್ನ ನೋಡ್ಬೇಕು ಆಂಟಿ.”

“ಸವತಿ ಸತ್ರೂ ನನ್ನ ಅಡಗಿಗೆ ಮರ್ಯಾದಿ ಇಲ್ಲ,” ಎನ್ನುತ್ತ ಚೆನ್ನಮ್ಮ ತಾನೂ ಶೆಡ್ಡಿಗೆ ಬಂದಳು.

ಕುರ್ಚಿಗಳನ್ನು ಆಗಲೇ ಸಾಲಾಗಿ ಹಾಕಿದ್ದರು. ಪರದೆಯ ಪಕ್ಕದಲ್ಲಿ ನೋರಾಳ ಹಳೆಯ ಪಟ. ಅದಕ್ಕೆ ಸೇವಂತಿಗೆಯ ಹಾರ. ಹಾರ ಹಾಕಿದವರು ಯಾರು ಎಂದು ಗೌತಮಿ ನೋಡಿದರೆ ಚೆನ್ನಮ್ಮ ಮುಖ ತಿರುಗಿಸಿದಳು.

ಮೇಜಿನ ಮೇಲೆ ಕೈಯಿಂದ ತಿರುಗಿಸುವ ಎರಡು ಚಕ್ರಗಳು. ಒಂದಕ್ಕೆ ರೀಲು ಸಿಕ್ಕಿಸಿ, ತುದಿಯನ್ನು ಇನ್ನೊಂದಕ್ಕೆ ಕೊಟ್ಟು, ಹಾಲಪ್ಪ ತಿರುಗಿಸತೊಡಗಿದರು. ಎಡಗೈಯ ಎರಡು ಬೆರಳ ನಡುವೆ ಫಿಲಂ ಹಾಯುತ್ತಿತ್ತು. ಕಣ್ಣು ಮುಚ್ಚಿದ್ದರು.

“ಆ ದಿನ ಹರಿದದ್ದೂ ಸೇರಿ ನಾಲ್ಕು ಕಡೆ ಹರಿದಿತ್ತು,” ಎಂದರು. ಸ್ವಲ್ಪ ಹೊತ್ತಿಗೆ ಚಕ್ರ ನಿಂತಿತು. “ಇದೊಂದು. ಚೆನ್ನಾಗಿ ಕೂರಿಸಿದ್ದಾನೆ.” ಮತ್ತೆ ತಿರುಗಿತು, ಮತ್ತೆ ನಿಂತಿತು. “ಇದು ಎರಡು.” ಮೂರನೆಯದನ್ನು ಬೆರಳಿನಿಂದ ಸವರಿ, “ನಾನು ಮಾಡಿದ್ರೂ ಇಷ್ಟು ನಯ ಬರ್ತಿರ್ಲಿಲ್ಲ,” ಎಂದರು.

ಚಕ್ರ ಬಹಳ ಹೊತ್ತು ಓಡಿತು. ಸುರುಳಿ ಸಣ್ಣದಾಗುತ್ತ ಬಂತು. ಆಮೇಲೆ ಹಾಲಪ್ಪನವರ ಬೆರಳು ತಟ್ಟನೆ ಹಿಂದೆ ಸರಿಯಿತು. ಫಿಲಂ ಎರಡು ತುಂಡಾಗಿತ್ತು. ಅಂಚಿನ ತೂತುಗಳು ಹರಿದು ಒಂದಕ್ಕೊಂದು ಸೇರಿಹೋಗಿದ್ದವು. ಎರಡು ತುದಿಯನ್ನೂ ಸದ್ಯಕ್ಕೆಂದು ಸಣ್ಣ ಕಾಗದದ ಚೂರಿನಿಂದ ಹಿಡಿದಿಟ್ಟಿದ್ದ ಸುಮಂತ.

“ಇದೊಂದು ಉಳೀತು,” ಎಂದರು ಹಾಲಪ್ಪ.

ಕೊನೇ ಸ್ಕ್ರೂ, ಎಂದುಕೊಂಡಳು ಗೌತಮಿ.

ಹಾಲಪ್ಪ ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಅದು ನಿಲ್ಲದೆ ಕುಣಿಯುತ್ತಿತ್ತು. ಎಡಗೈಯಿಂದ ಅದನ್ನು ಒತ್ತಿಹಿಡಿದರು. “ಹೋಗ್ಲಿ ಬಿಡು. ಇಲ್ಲೀವರೆಗೂ ತೋರಿಸಿ, ಉಳಿದಿದ್ದನ್ನ ನಾನು ಬಾಯಲ್ಲಿ ಹೇಳ್ತೀನಿ.”

“ನೀವು ಹೇಳಾಕ ನಿಂತ್ರ ಜನ ಎದ್ದು ಮನಿಗೆ ಹೋಗ್ತಾರ,” ಎಂದಳು ಚೆನ್ನಮ್ಮ. ಆದರೆ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. ಅವಳು ಗಂಡನ ಕೈಯನ್ನೇ ನೋಡುತ್ತಿದ್ದಳು.

ಗೌತಮಿ ಪೆಟ್ಟಿಗೆ ತೆರೆದಳು. ಟವೆಲು ಬಿಚ್ಚಿ ಅಂಟಿಸುವ ಯಂತ್ರವನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು.

“ಹೇಳಿಕೊಡಿ ಅಂಕಲ್.”

“ನಿನಗೆ...”

“ದಿನಾ ಇದಕ್ಕಿಂತ ತೆಳ್ಳಗಿರೋದನ್ನ ಕತ್ತರಿಸ್ತೀನಿ. ಕತ್ತರಿಸ್ತಿದ್ದೆ.” ತನ್ನ ಮಾತನ್ನು ತಾನೇ ಕೇಳಿಸಿಕೊಂಡು ತಿದ್ದಿದಳು. “ಕತ್ತರಿಸ್ತೀನಿ.”

ಹರಿದ ತುದಿಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಷ್ಟು ಅಗಲದ ಚಿತ್ರಗಳು ಒಂದರ ಕೆಳಗೊಂದು. ಪ್ರತಿಯೊಂದರಲ್ಲೂ ಒಂದು ಹಲಗೆ, ಬಿಳಿ ಚುಕ್ಕೆಯಂಥ ದೀಪ, ಅದರತ್ತ ಚಾಚಿದ ಹೆಣ್ಣಿನ ಕೈ. ಪ್ರತಿ ಚಿತ್ರದಲ್ಲೂ ಆ ಕೈ ಕೂದಲೆಳೆಯಷ್ಟು ಮುಂದೆ ಹೋಗಿತ್ತು. ಅಂದು ಪರದೆ ಬೆಳ್ಳಗಾದದ್ದು ಇಲ್ಲೇ.

“ಎಷ್ಟು ಹೋಗುತ್ತೆ ಅಂಕಲ್?”

“ಕೆಟ್ಟಿರೋದು ಎರಡು ಚಿತ್ರ. ಅದನ್ನ ತೆಗೀಲೇಬೇಕು. ಓಡೋವಾಗ ಸಣ್ಣದೊಂದು ಜಿಗಿತ ಕಾಣುತ್ತೆ, ಅಷ್ಟೆ. ಕತೆ ನಿಲ್ಲಲ್ಲ.”

ಅವರು ಹೇಳುತ್ತ ಹೋದರು, ಅವಳು ಮಾಡುತ್ತ ಹೋದಳು. ಫಿಲಮಿನ ತೂತುಗಳನ್ನು ಯಂತ್ರದ ಸಣ್ಣ ಮುಳ್ಳುಗಳಿಗೆ ಸಿಕ್ಕಿಸಿದಳು. ಎರಡು ಚಿತ್ರಗಳ ನಡುವಿನ ಗೆರೆಯ ಮೇಲೆ ಬ್ಲೇಡು ಇಳಿಸಿದಳು. ಇನ್ನೊಂದು ತುದಿಗೂ ಹಾಗೆಯೇ. ಎರಡೂ ತುದಿ ಒಂದಕ್ಕೊಂದು ಒತ್ತಿ ನಿಂತವು, ಮೇಲೆ ಏರದೆ, ನಡುವೆ ಬೆಳಕು ಬಿಡದೆ. ಟೇಪನ್ನು ಎಳೆಯುವಾಗ ಬೆರಳ ತುದಿಗೆ ಅಂಟು ತಾಗಿತು. ತಣ್ಣಗಿತ್ತು. ತಣ್ಣಗಿದೆ ಎಂದು ಅವಳಿಗೆ ತಿಳಿಯಿತು. ಗುಳ್ಳೆ ಏಳದಂತೆ ನಡುವಿನಿಂದ ಅಂಚಿಗೆ ಒತ್ತಿದಳು. ತಿರುಗಿಸಿ ಹಿಂಬದಿಗೂ ಒಂದು ಪಟ್ಟಿ ಹಾಕಿದಳು. ಕೈ ಒಮ್ಮೆಯೂ ಅಲುಗಲಿಲ್ಲ. ಆದರೆ ಫಿಲಂ ಎತ್ತಿ ನೋಡಿದಾಗ ಅದು ಮಸುಕಾಗಿ ಕಂಡಿತು. ಕಣ್ಣಿಂದ ನೀರು ಇಳಿಯುತ್ತಿತ್ತು. ಫಿಲಮಿನ ಮೇಲೆ ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿದಳು.

ಚೆನ್ನಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು. “ಬರ್ಲಿ ಬಿಡವ್ವಾ,” ಎಂದಳು. “ಎಷ್ಟು ದಿನ ತಡ್ಕೊಂಡಿದ್ದಿ.”

ಹಾಲಪ್ಪ ಅಂಟಿಸಿದ ಜಾಗವನ್ನು ಬೆರಳಲ್ಲಿ ಸವರಿದರು. ಇನ್ನೊಮ್ಮೆ ಸವರಿದರು. “ಅವನದ್ಯಾವುದು ನಿನ್ನದ್ಯಾವುದು ನನಗೆ ಗೊತ್ತಾಗಲ್ಲ,” ಎಂದರು.

ಹೊರಗೆ ಗೇಟಿನ ಸದ್ದಾಯಿತು. ಜನ ಬರತೊಡಗಿದ್ದರು. ಕೋಲೂರಿಕೊಂಡು ಬಂದ ಮುದುಕನೊಬ್ಬ ಪಟದ ಮುಂದೆ ಟೋಪಿ ತೆಗೆದು ನಿಂತ. ಯಾರೋ ಕೇಕು ತಂದಿದ್ದರು. ಚೆನ್ನಮ್ಮ ಕಾಫಿಗೆ ಇಡಲು ಏಳುವಾಗ ಗೌತಮಿ ಜೇಬಿನಿಂದ ಸಕ್ಕರೆಯ ಪೊಟ್ಟಣ ತೆಗೆದು ಕೊಟ್ಟಳು. ಇದೇನು, ಯಾಕೆ ಎಂದು ಚೆನ್ನಮ್ಮ ಕೇಳಲಿಲ್ಲ. ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗೌತಮಿ ಚಕ್ರವನ್ನು ಹಿಂದಕ್ಕೆ ತಿರುಗಿಸಿ ರೀಲನ್ನು ಪೂರ್ತಿ ಸುತ್ತಿದಳು. ಕೊನೆಗೆ ‘ತಲೆ’ ಎಂಬ ಬಿಳಿ ಪಟ್ಟಿ ಮೇಲೆ ಬಂತು. ರೀಲನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು.

“ಕೊನೇಲಿ ಏನಾಗುತ್ತೆ ಅಂತ ಹೇಳ್ಬೇಡಿ ಅಂಕಲ್. ನಾನು ನೋಡ್ಬೇಕು,” ಎಂದು ಡಬ್ಬಿಯನ್ನು ಹಾಲಪ್ಪನವರ ಕೈಗಿಟ್ಟಳು.